ಮುದಿ ನಾಯಿಯ ಮೈಮೇಲಿನ ಗಂಟು

ಹಳ್ಳಿಯ ನಾಯಿಗೆ ಕ್ಯಾನ್ಸರ್ ಬರುವಷ್ಟು ವಯಸ್ಸಾಗುವುದೇ ದೊಡ್ಡ ಸಂಗತಿ. ಮರಿಯಾಗಿದ್ದಾಗ ಪಾರ್ವೋ ಭೇದಿ, ಅದರಲ್ಲಿ ಉಳಿದರೆ ಡಿಸ್ಟೆಂಪರ್, ಆಮೇಲೆ ರಸ್ತೆ, ಹಂದಿಗೆಂದು ಒಡ್ಡಿದ ಉರುಳು, ಕೋಳಿ ಕದ್ದಿತೆಂದು ಯಾರೋ ಇಟ್ಟ ವಿಷ, ಅರಸೀಕೆರೆ ಕಡೆಯ ಕುರುಚಲು ಗುಡ್ಡಗಳಿಂದ ರಾತ್ರಿ ಇಳಿದು ಬರುವ ಚಿರತೆ. ಇಷ್ಟನ್ನೂ ದಾಟಿ ಹತ್ತು ವರ್ಷ ಬದುಕಿದೆ ಎಂದರೆ ಆ ನಾಯಿಗೆ ಯಾರೋ ಹೊತ್ತು ಹೊತ್ತಿಗೆ ಮುದ್ದೆ ಹಾಕಿದ್ದಾರೆ, ರೇಬಿಸ್ ಸೂಜಿ ಕೊಡಿಸಿದ್ದಾರೆ, ಮಳೆಗಾಲದಲ್ಲಿ ಕೊಟ್ಟಿಗೆಯ ಒಣ ಮೂಲೆ ಬಿಟ್ಟುಕೊಟ್ಟಿದ್ದಾರೆ. ಹತ್ತು ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಅಮೆರಿಕದ ಪಶುವೈದ್ಯರ ಸಂಘ ಹೇಳುತ್ತದೆ. ಅದು ಬೇಲಿಯೊಳಗೆ, ಸೋಫಾದ ಮೇಲೆ ಬೆಳೆದ ನಾಯಿಗಳ ಲೆಕ್ಕ. ಆದರೆ ಲಸಿಕೆ, ಬೇಲಿ, ಸೋಫಾ ಮೂರೂ ಈಗ ಹಳ್ಳಿಗೂ ಬಂದಿವೆ. ಅವುಗಳ ಹಿಂದೆಯೇ ಮುಪ್ಪಿನ ಕಾಯಿಲೆಯೂ ಬಂದಿದೆ.

ಹಾಸನದಿಂದ ಅರಸೀಕೆರೆ ದಾರಿಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸು ಹೋದರೆ ಕೊರವಂಗಲ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ಗುಡಿ ಇಲ್ಲಿದೆ. ಶಿವನೂ ಸೂರ್ಯನೂ ಎದುರುಬದುರು ಗರ್ಭಗುಡಿಗಳಲ್ಲಿರುವ ಅಪರೂಪದ ಕಟ್ಟಡ. ಬೇಲೂರು, ಹಳೇಬೀಡಿಗೆ ಬಸ್ಸು ತುಂಬ ಹೋಗುವವರಲ್ಲಿ ಇತ್ತ ತಿರುಗುವವರು ಕಡಿಮೆ. ಉಳಿದಂತೆ ಊರು ಸುತ್ತಲಿನ ಊರುಗಳ ಹಾಗೆಯೇ. ರಾಗಿ, ಜೋಳ, ಆಲೂಗಡ್ಡೆ, ತೆಂಗು. ಬೆಂಗಳೂರಲ್ಲಿ ಕೆಲಸಕ್ಕಿರುವ ಮಕ್ಕಳು. ಮನೆಯಲ್ಲಿ ಅಪ್ಪ, ಅಮ್ಮ, ಎರಡು ಹಸು, ಒಂದು ನಾಯಿ. ಮಗ ಕಾಲೇಜಿಗೆ ಹೋಗುವಾಗ ಎತ್ತಿಕೊಂಡು ಬಂದ ಮರಿ, ಅವನಿಗೆ ಮದುವೆಯಾಗಿ ಮಗುವಾಗುವ ಹೊತ್ತಿಗೆ ಮುದಿಯಾಗಿರುತ್ತದೆ. ಅಷ್ಟರಲ್ಲಿ ಅದು ಮಗನ ನಾಯಿಯಾಗಿ ಉಳಿದಿರುವುದಿಲ್ಲ. ಗದ್ದೆಗೆ ಹೋದರೆ ಅಪ್ಪನ ಹಿಂದೆ, ಡೇರಿಗೆ ಹೋದರೆ ಅಮ್ಮನ ಹಿಂದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಯಾವ ಹಳ್ಳಿಗೆ ಹೋದರೂ ಇಂಥ ಮನೆ ಸಿಗುತ್ತದೆ.

ಗಂಟು ಮೊದಲು ಸಿಗುವುದು ಉಣ್ಣೆ ಕೀಳುವ ಕೈಗೆ. ಕಿವಿಯ ಹಿಂದೆ, ಕುತ್ತಿಗೆ ಕೆಳಗೆ, ತೊಡೆ ಸಂದಿಯಲ್ಲಿ ಉಣ್ಣೆ ಹುಡುಕುತ್ತಾ ಹೋದ ಬೆರಳಿಗೆ ಉಣ್ಣೆಯಲ್ಲದ್ದು ಏನೋ ತಾಗುತ್ತದೆ. ಆಮೇಲೆ ನಡೆಯುವ ಮಾತುಕತೆ ಎಲ್ಲ ಮನೆಯಲ್ಲೂ ಒಂದೇ. ‘ಏನೋ ಗಂಟು ಕಣ್ರೀ.’ ‘ವಯಸ್ಸಾಯ್ತಲ್ಲ, ಬಿಡು.’ ಈ ‘ಬಿಡು’ವಿನಲ್ಲಿ ತಿಂಗಳುಗಳು ಹೋಗುತ್ತವೆ. ಗಂಟು ಒಡೆದು ನೊಣ ಮುತ್ತಿದ ಮೇಲೆ, ಇಲ್ಲವೇ ನಾಯಿ ಅನ್ನ ಬಿಟ್ಟ ಮೇಲೆ ಬೆಂಗಳೂರಿಗೆ ಫೋನು. ಮಗ ವಿಡಿಯೊ ಕಾಲ್‌ನಲ್ಲಿ ನೋಡಿ, ‘ಇಲ್ಲಿಗೆ ಕರ್ಕೊಂಡು ಬನ್ನಿ’ ಅನ್ನುತ್ತಾನೆ. ‘ಅದು ಕಾರು ಹತ್ತಿದ್ರೆ ವಾಂತಿ ಮಾಡ್ಕೊಳುತ್ತೆ, ಸುಮ್ನಿರು’ ಎಂದು ಅಪ್ಪ ಫೋನಿಡುತ್ತಾರೆ.

ಮುಪ್ಪು ಕಾಯಿಲೆಯಲ್ಲ ಎಂಬುದನ್ನು ಪಶುವೈದ್ಯರು ಹೇಳಿ ಹೇಳಿ ಸಾಕಾಗಿದ್ದಾರೆ. ನನ್ನ ವಾದವೂ ಅಷ್ಟೇ, ಒಂದು ಹೆಜ್ಜೆ ಮುಂದೆ: ಚಿಕಿತ್ಸೆ ಕೊಡಿಸುವುದೋ ಬಿಡುವುದೋ ಮನೆಯವರಿಗೆ ಬಿಟ್ಟದ್ದು, ಯಾವ ನಾಯಿಯೂ ಕಿಮೋಥೆರಪಿ ಕೇಳುವುದಿಲ್ಲ; ಆದರೆ ಆ ಗಂಟು ಏನೆಂದು ತಿಳಿದುಕೊಳ್ಳದೆ ಕೈಚೆಲ್ಲುವ ಹಕ್ಕು ನಮಗಿಲ್ಲ. ಕಾಯಿಲೆ ಯಾವುದೆಂದು ಗೊತ್ತಾದರೆ ತಾನೇ ಎಷ್ಟು ದಿನ, ಎಂಥ ನೋವು, ಯಾವ ಮಾತ್ರೆ ಎಂಬುದು ಗೊತ್ತಾಗುವುದು?

ಅದಕ್ಕೆ ಬೇಕಾದದ್ದು ಒಂದು ಸೂಜಿ. ಗಂಟಿಗೆ ತೆಳುವಾದ ಸೂಜಿ ಚುಚ್ಚಿ, ಸಿಕ್ಕ ನಾಲ್ಕು ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅರಿವಳಿಕೆ ಬೇಡ, ಹಿಡಿದುಕೊಳ್ಳಲು ನಾಯಿಗೆ ಗುರುತಿರುವ ಒಬ್ಬರು ಸಾಕು. ಹಾಸನದ ಮಟ್ಟಿಗೆ ಒಂದು ಅನುಕೂಲವಿದೆ: ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯ ನಗರದಲ್ಲೇ ಇದೆ. ದನ, ಎಮ್ಮೆಗಳ ಜತೆ ನಾಯಿಗಳೂ ಅಲ್ಲಿ ಸರದಿಯಲ್ಲಿ ನಿಲ್ಲುತ್ತವೆ. ಕೊರವಂಗಲದವರಿಗೆ ಅದು ಬೆಳಗ್ಗೆ ಹಾಲು ಹಾಕಿ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ದೂರ. ಬೆಂಗಳೂರಿಗೇ ಹೋಗುವುದಾದರೆ ಹೆಬ್ಬಾಳದಲ್ಲಿ 1958ರಿಂದ ಇರುವ ಹಳೆಯ ಕಾಲೇಜು ಇದೆ.

ಸೂಜಿಯ ಉತ್ತರ ಎಷ್ಟೋ ಸಲ ಕ್ಯಾನ್ಸರ್ ಆಗಿರುವುದೇ ಇಲ್ಲ. ಮುದಿ ನಾಯಿಯ ಪಕ್ಕೆಯಲ್ಲಿ ಮೆತ್ತಗೆ ಜಾರುವ ಗಂಟು ಬರೀ ಕೊಬ್ಬಿನದಾಗಿರಬಹುದು. ಗುದದ ಸುತ್ತ ಗಂಡು ನಾಯಿಗೆ ಬರುವ ಗಂಟು ಬಹಳ ಸಲ ಬೀಜ ತೆಗೆಸಿದರೆ ಕುಗ್ಗುತ್ತದೆ. ಇನ್ನು ನಮ್ಮ ಕಡೆಯ ದೊಡ್ಡ ವೇಷಧಾರಿ ಉಣ್ಣೆ ಜ್ವರ. ಉಣ್ಣೆ ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ಜ್ವರ ಬರುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ನಾಯಿ ಸೊರಗುತ್ತದೆ, ದವಡೆ ಕೆಳಗಿನ ದುಗ್ಧಗ್ರಂಥಿಗಳು ಊದುತ್ತವೆ. ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾದಲ್ಲೂ ಹೆಚ್ಚುಕಡಿಮೆ ಹೀಗೇ. ಒಂದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಕು, ಇನ್ನೊಂದಕ್ಕೆ ಸಾಲದು. ‘ಕ್ಯಾನ್ಸರೇ ಇರ್ಬೇಕು’ ಎಂದು ಗೋಣಿಚೀಲದ ಮೇಲೆ ಮಲಗಿಸಿ ಕಾದು ಕಳಕೊಂಡ ನಾಯಿಗಳಲ್ಲಿ ಬರೀ ಉಣ್ಣೆ ಜ್ವರದವು ಎಷ್ಟಿದ್ದವೋ.

ಬರೆ ಹಾಕುವುದನ್ನು ಮಾತ್ರ ದಯವಿಟ್ಟು ಬಿಡಿ. ಎತ್ತಿನ ಬಾವಿಗೆ ಬರೆ ಹಾಕಿ ರೂಢಿಯಿರುವ ಕೈ ನಾಯಿಯ ಗಂಟಿಗೂ ಕಾದ ಕುಡುಗೋಲು ತರುತ್ತದೆ. ಗಂಟು ಅಲ್ಲೇ ಇರುತ್ತದೆ, ಮೇಲೊಂದು ಸುಟ್ಟ ಗಾಯ.

ಕಾಶಿ ಕಣಗಿಲೆ

ಬೀದಿಯಲ್ಲಿ ತಿರುಗುವ ನಾಯಿಗಳಲ್ಲಿ ನಮ್ಮ ದೇಶದ ಪಶುವೈದ್ಯರು ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳಲ್ಲೊಂದು, ಆಶ್ಚರ್ಯವೆಂದರೆ, ಪೂರ್ತಿ ವಾಸಿಯಾಗುವಂಥದ್ದು. ಹೆಣ್ಣು ಗಂಡು ಎರಡರ ಜನನಾಂಗದಲ್ಲೂ ಹೂಕೋಸಿನಂತೆ ಬೆಳೆದು ರಕ್ತ ಜಿನುಗಿಸುವ ಗಡ್ಡೆ ಇದು. ‘ಬೆದೆ ಮುಗೀತಾನೇ ಇಲ್ಲ, ತಿಂಗಳಿಂದ ರಕ್ತ ಹನಿಯುತ್ತೆ’ ಎಂದು ಹೆಣ್ಣು ನಾಯಿಯನ್ನು ಕರೆತರುವವರಿಗೆ ಬಹಳ ಸಲ ಇದೇ ಉತ್ತರ ಸಿಗುತ್ತದೆ. ಕೂಡುವಾಗ ನಾಯಿಯಿಂದ ನಾಯಿಗೆ ಅಂಟುತ್ತದೆ. ಅಂಟುವುದು ವೈರಸ್ಸಲ್ಲ, ಕ್ಯಾನ್ಸರಿನ ಜೀವಕೋಶವೇ. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಕೋಶಗಳು ಆ ನಾಯಿ ಸತ್ತ ಮೇಲೂ ಸಾಯದೆ, ಮೈಯಿಂದ ಮೈಗೆ ದಾಟಿ, ಪ್ರಪಂಚವನ್ನೆಲ್ಲ ಸುತ್ತಿವೆ ಎಂಬುದನ್ನು ವಂಶವಾಹಿ ಅಧ್ಯಯನಗಳು ತೋರಿಸಿವೆ. ಹಾಸನದ ಬಸ್ ಸ್ಟ್ಯಾಂಡಿನ ನಾಯಿಯ ಗಡ್ಡೆಯೂ ಬ್ರೆಜಿಲ್‌ನ ನಾಯಿಯ ಗಡ್ಡೆಯೂ ಒಂದೇ ಮೂಲದ ಸಂತಾನ. ರಷ್ಯದ ನೊವಿನ್‌ಸ್ಕಿ ಎಂಬ ಪಶುವೈದ್ಯ 1876ರಲ್ಲೇ ಒಂದು ನಾಯಿಯ ಗಡ್ಡೆಯ ಚೂರನ್ನು ಇನ್ನೊಂದು ನಾಯಿಗೆ ನೆಟ್ಟು ಅದು ಬೆಳೆಯುವುದನ್ನು ತೋರಿಸಿದ್ದ.

ಇದಕ್ಕೆ ಮದ್ದು ವಿನ್‌ಕ್ರಿಸ್ಟಿನ್. ವಾರಕ್ಕೊಮ್ಮೆ ರಕ್ತನಾಳಕ್ಕೆ ಸೂಜಿ. ಸಾಮಾನ್ಯವಾಗಿ ಮೂರರಿಂದ ಆರು ವಾರ. ಎರಡನೆಯ ಸೂಜಿಗೇ ಗಡ್ಡೆ ಕರಗತೊಡಗುವುದನ್ನು ಮನೆಯವರು ಕಣ್ಣಾರೆ ಕಾಣುತ್ತಾರೆ. ಈ ಮದ್ದು ಬಂದದ್ದು ಎಲ್ಲಿಂದ ಗೊತ್ತೇ? ನಮ್ಮ ಅಂಗಳದ ತುಳಸಿಕಟ್ಟೆಯ ಪಕ್ಕ ನೀರು ಹಾಕದಿದ್ದರೂ ಬದುಕುವ ಕಾಶಿ ಕಣಗಿಲೆಯಿಂದ. ಕೆಲವರು ನಿತ್ಯಪುಷ್ಪ ಅನ್ನುತ್ತಾರೆ. ಮಡಗಾಸ್ಕರ್ ಅದರ ತವರು. ಸಕ್ಕರೆ ಕಾಯಿಲೆಗೆ ಮದ್ದಾದೀತೆ ಎಂದು 1950ರ ದಶಕದಲ್ಲಿ ಈ ಗಿಡವನ್ನು ಪರೀಕ್ಷಿಸುತ್ತಿದ್ದ ಕೆನಡಾದ ವಿಜ್ಞಾನಿಗಳಿಗೆ, ಅದರ ಸಾರ ಸಕ್ಕರೆಯನ್ನು ಬಿಟ್ಟು ಬಿಳಿ ರಕ್ತಕಣಗಳನ್ನು ಇಳಿಸುವುದು ಕಂಡಿತು. ಆ ಜಾಡಿನಲ್ಲಿ ಹೊರಟು ಸಿಕ್ಕ ಮದ್ದುಗಳಲ್ಲೊಂದು ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದು ಬೇಕು.

ಇದನ್ನು ಓದಿ ಯಾರೂ ಎಲೆ ಅರೆದು ಕುಡಿಸಲು ಹೋಗಬೇಡಿ. ಗಿಡದಲ್ಲಿರುವುದು ವಿಷ. ಟನ್ನುಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ಮದ್ದು ತೆಗೆದು, ತೂಕಕ್ಕೆ ತಕ್ಕಂತೆ ಅಳೆದು ಕೊಡುವುದರಿಂದ ಮಾತ್ರ ಅದು ಔಷಧ. ಸೂಜಿ ರಕ್ತನಾಳದಿಂದ ಒಂದಿಷ್ಟು ಆಚೆ ಜಾರಿದರೂ ಸುತ್ತಲಿನ ಮಾಂಸ ಸುಟ್ಟು ಹೋಗುತ್ತದೆ; ಆದ್ದರಿಂದ ಕೈಪಳಗಿದ ವೈದ್ಯರೇ ಬೇಕು, ನಾಯಿ ಅಲುಗಾಡದಂತೆ ಹಿಡಿಯುವವರೂ ಬೇಕು. ಸೂಜಿ ಹಾಕಿಸಿದ ಎರಡು ಮೂರು ದಿನ ಅದರ ಉಚ್ಚೆ, ಹೇಲಿನಲ್ಲಿ ಮದ್ದಿನ ಅಂಶ ಇರುತ್ತದೆ. ಕೈಗವಸು ಹಾಕಿ ತೆಗೆಯಬೇಕು, ಬಸುರಿಯರು ಹತ್ತಿರ ಹೋಗಬಾರದು. ಮನುಷ್ಯರಿಗಾಗುವಂತೆ ಕೂದಲೆಲ್ಲ ಉದುರುವುದು ನಮ್ಮ ನಾಟಿ ನಾಯಿಗಳಲ್ಲಿ ಅಪರೂಪ, ಮೀಸೆ ಉದುರಬಹುದು. ನಾಯಿಗೆ ಕಿಮೋ ಕೊಡುವಾಗ ಮನುಷ್ಯರಿಗೆ ಕೊಡುವಷ್ಟು ಬಿರುಸಾಗಿ ಕೊಡುವುದಿಲ್ಲ. ಬಹಳ ಕ್ಯಾನ್ಸರುಗಳಲ್ಲಿ ಗುರಿ ಇರುವುದು ವಾಸಿ ಮಾಡುವುದರ ಮೇಲಲ್ಲ, ಉಳಿದ ದಿನಗಳನ್ನು ಹಸನಾಗಿಡುವುದರ ಮೇಲೆ.

ಲಿಂಫೋಮಾದಲ್ಲಿ ಈ ಮಾತು ಚೆನ್ನಾಗಿ ತಿಳಿಯುತ್ತದೆ. ಏನೂ ಮಾಡದೆ ಬಿಟ್ಟರೆ ನಾಲ್ಕರಿಂದ ಆರು ವಾರ. ಬರೀ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಒಂದೆರಡು ತಿಂಗಳು. ವಿನ್‌ಕ್ರಿಸ್ಟಿನ್ ಸೇರಿದಂತೆ ನಾಲ್ಕು ಮದ್ದುಗಳನ್ನು ಸರದಿಯಂತೆ ತಿಂಗಳುಗಟ್ಟಲೆ ಕೊಟ್ಟರೆ ಅನೇಕ ನಾಯಿಗಳು ಒಂದು ವರ್ಷದ ಸುಮಾರಿಗೆ ಬದುಕುತ್ತವೆ, ಅದೂ ಗಂಟೆಲ್ಲ ಕರಗಿ, ಓಡಾಡಿಕೊಂಡು. ನಾಯಿಯ ಒಂದು ವರ್ಷ ನಮ್ಮ ಐದಾರು ವರ್ಷಕ್ಕೆ ಕಡಿಮೆಯಿಲ್ಲ. ಇಲ್ಲೊಂದು ತೊಡಕಿದೆ. ಊದಿದ ಗಂಟಿಗೆ ‘ಒಂದು ಇಂಜೆಕ್ಷನ್ ಹಾಕ್ಬಿಡಿ’ ಎಂದು ಕೇಳಿ ಹಾಕಿಸಿಕೊಳ್ಳುವ ಸೂಜಿಯಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಮಾರನೆಯ ದಿನ ಗಂಟು ಇಳಿಯುತ್ತದೆ, ನಾಯಿ ಉಣ್ಣುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಪರೀಕ್ಷೆಗೆ ಮೊದಲೇ ಸ್ಟೀರಾಯ್ಡ್ ಹೊಕ್ಕರೆ ಲಿಂಫೋಮಾ ಪತ್ತೆಯಾಗುವುದು ಕಷ್ಟವಾಗುತ್ತದೆ, ಆಮೇಲೆ ಕೊಡುವ ಕಿಮೋಗೂ ಅದು ಬಗ್ಗದಂತಾಗುತ್ತದೆ. ಮೊದಲು ಪರೀಕ್ಷೆಯ ಸೂಜಿ, ಆಮೇಲೆ ಮದ್ದಿನ ಸೂಜಿ.

ಉಳಿದ ಕ್ಯಾನ್ಸರುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ದೊಡ್ಡ ತಳಿಯ ನಾಯಿಗಳ ಕಾಲಿನ ಎಲುಬಿಗೆ ಬರುವುದು ಭಾರೀ ನೋವಿನದು. ಕಾಲನ್ನೇ ತೆಗೆಯಬೇಕಾಗುತ್ತದೆ ಎಂದರೆ ಮನೆಯವರು ಹೌಹಾರುತ್ತಾರೆ, ನಾಯಿ ಮಾತ್ರ ಕೆಲವೇ ದಿನಗಳಲ್ಲಿ ಮೂರು ಕಾಲಲ್ಲಿ ಗೇಟಿನ ತನಕ ಓಡುತ್ತದೆ. ಬಾಯಿಯ ಕ್ಯಾನ್ಸರಿನಲ್ಲಿ ಜೊಲ್ಲು ಸುರಿಯುವುದರಿಂದ ಊರಿನವರು ‘ಹುಚ್ಚು ಹಿಡಿದೈತೆ’ ಎಂದು ಕೋಲು ಹಿಡಿಯುವ ಅಪಾಯವಿದೆ. ಅವರನ್ನು ಪೂರ್ತಿ ತಪ್ಪು ಅನ್ನುವ ಹಾಗಿಲ್ಲ. ಲಸಿಕೆಯ ಚೀಟಿ ಇಲ್ಲದ ನಾಯಿ ಜೊಲ್ಲು ಸುರಿಸುತ್ತಿದ್ದರೆ ಮನೆಯವರೂ ಅದರ ಬಾಯಿಗೆ ಕೈ ಹಾಕಬಾರದು.

ಚಾರ್ಲಿ ಮತ್ತು ಕಿದ್ವಾಯಿ

ಗುಲ್ಮದ ಕ್ಯಾನ್ಸರನ್ನು ಕನ್ನಡದ ಮನೆಮನೆಗೂ ಮುಟ್ಟಿಸಿದ್ದು ಒಂದು ಸಿನಿಮಾ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ತೆರೆಕಂಡಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಿಂದಿನ ವರ್ಷವಷ್ಟೇ ತಮ್ಮ ನಾಯಿಯನ್ನು ಕಳೆದುಕೊಂಡಿದ್ದರು. ಸಿನಿಮಾ ನೋಡಿ ಕ್ಯಾಮೆರಾಗಳ ಮುಂದೆಯೇ ಅತ್ತರು. ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು, ಮುಂದೆ ಅತ್ಯುತ್ತಮ ಕನ್ನಡ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯೂ ಬಂತು. ಕಥೆಯ ಲ್ಯಾಬ್ರಡಾರ್‌ಗೆ ಬರುವುದು ಹಿಮ್ಯಾಂಜಿಯೋಸಾರ್ಕೋಮಾ, ರಕ್ತನಾಳಗಳ ಒಳಪದರದ ಕ್ಯಾನ್ಸರ್. ಹಣಕ್ಕಾಗಿ ರಕ್ತಸಂಬಂಧದೊಳಗೇ ಮರಿ ಮಾಡಿಸುವವರನ್ನು ಚಿತ್ರ ದೂರುತ್ತದೆ. ಕೆಲವು ತಳಿಗಳಲ್ಲಿ ಕೆಲವು ಕ್ಯಾನ್ಸರು ಹೆಚ್ಚು ಎಂಬುದು ನಿಜವೇ. ನಾಯಕ ಅದಕ್ಕೆ ಹಿಮ ತೋರಿಸಲು ಮೈಸೂರಿನಿಂದ ಉತ್ತರದ ತುದಿಯವರೆಗೆ ಬೈಕಿನಲ್ಲಿ ಕರೆದೊಯ್ಯುತ್ತಾನೆ. ನಾನೂ ಅತ್ತವನೇ. ಆದರೂ ಅನ್ನುತ್ತೇನೆ, ನಿಮ್ಮ ಮುದಿ ನಾಯಿಯನ್ನು ಎಲ್ಲಿಗೂ ಕರೆದೊಯ್ಯಬೇಡಿ. ಈ ಕ್ಯಾನ್ಸರ್ ಹೆಚ್ಚಾಗಿ ಗುಲ್ಮದಲ್ಲಿ ಸದ್ದಿಲ್ಲದೆ ಬೆಳೆದು ಒಂದು ದಿನ ಹೊಟ್ಟೆಯೊಳಗೇ ಒಡೆಯುತ್ತದೆ. ಬೆಳಗ್ಗೆ ಬೊಗಳಿದ ನಾಯಿ ಸಂಜೆ ಕುಸಿಯುತ್ತದೆ, ಒಸಡು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಗುಲ್ಮ ತೆಗೆದರೆ ಬಹುಪಾಲು ಒಂದರಿಂದ ಮೂರು ತಿಂಗಳು, ಮೇಲೆ ಕಿಮೋ ಕೊಟ್ಟರೆ ನಾಲ್ಕರಿಂದ ಆರು. ಮುದಿ ನಾಯಿಗೆ ಬೇಕಿರುವುದು ಹಿಮಾಲಯಕ್ಕಿಂತ ಅದರ ಜಗುಲಿ, ಅದರ ವಾಸನೆಯ ಗೋಣಿಚೀಲ, ಹಾಲಿನ ಕ್ಯಾನು ಬರುವ ಹೊತ್ತು. ನಿಮಗೆ ಹಿಮ ನೋಡಬೇಕಿದ್ದರೆ ಅದನ್ನು ಊರಲ್ಲೇ ಬಿಟ್ಟು ನೀವು ಹೋಗಿ ಬನ್ನಿ.

ದುಡ್ಡಿನ ಮಾತು ಎತ್ತದೆ ಈ ಲೇಖನ ಮುಗಿಸಿದರೆ ಓದುಗರು ನಗುತ್ತಾರೆ. ‘ಮನುಷ್ಯರಿಗೇ ಕಿದ್ವಾಯಿಗೆ ಹೋಗಿ ಬರೋಕಾಗಲ್ಲ, ನಾಯಿಗೆ ಕ್ಯಾನ್ಸರ್ ಆಸ್ಪತ್ರೆಯಂತೆ!’ ಎಂಬ ಮಾತು ಕಟ್ಟೆಯ ಮೇಲೆ ಬಂದೇ ಬರುತ್ತದೆ. ಅದನ್ನು ಹೇಳುವವರು ಕಲ್ಲೆದೆಯವರೇನಲ್ಲ. ಅವರ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರೋ ಬೆಂಗಳೂರಿನ ಕಿದ್ವಾಯಿಗೆ ಬಸ್ಸು ಹತ್ತಿದ್ದಾರೆ, ಕಾರಿಡಾರಿನಲ್ಲಿ ಚಾಪೆ ಹಾಸಿದ್ದಾರೆ, ತೋಟ ಅಡವಿಟ್ಟಿದ್ದಾರೆ. ಅಂಥ ಮನೆಯಲ್ಲಿ ನಾಯಿಗೂ ಅದೇ ಕಾಯಿಲೆಯ ಹೆಸರು ಕೇಳಿದಾಗ ಎದ್ದು ಬರುವುದು ಹಳೆಯ ಸಂಕಟ. ಅಪ್ಪ ನಾಯಿಯ ಮುಂದೆ ಕೂತು ಕಣ್ಣೀರು ಹಾಕಿದರೆ ಅದು ನಾಯಿಗಾಗಿ ಮಾತ್ರ ಇರಲಾರದು.

ಇದೇ ಜನ ಎತ್ತಿಗಾದರೆ ಕ್ಯಾನ್ಸರ್ ಆಪರೇಷನ್ ಮಾಡಿಸಿದ್ದಾರೆ ಎಂಬುದನ್ನೂ ನೆನೆಯಬೇಕು. ಉದ್ದ ಕೊಂಬಿನ ಎತ್ತುಗಳಿಗೆ ಕೋಡಿನ ಬುಡದಲ್ಲಿ ಬರುವ ಕ್ಯಾನ್ಸರ್ ನಮ್ಮ ದೇಶದಲ್ಲಿ ಹಳೆಯದು. ಎತ್ತು ತಲೆ ಒಂದು ಪಕ್ಕಕ್ಕೆ ವಾಲಿಸುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಕೋಡು ಸಡಿಲವಾಗುತ್ತದೆ. ಪಶುವೈದ್ಯರು ಬಂದು ಕೋಡನ್ನು ಬುಡಸಮೇತ ತೆಗೆದು ಹೊಲಿಯುತ್ತಾರೆ. ಹಳ್ಳೀಕಾರ್ ಜೋಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತು ಉಳುತ್ತದೆ, ನಾಯಿ ಉಳುವುದಿಲ್ಲ; ವ್ಯತ್ಯಾಸ ಅಷ್ಟೇ. ಆ ಲೆಕ್ಕ ತಪ್ಪು ಎಂದು ನಾನು ಬೋಧಿಸಲು ಹೊರಟಿಲ್ಲ. ಸಾಲ ಮಾಡಿ ನಾಯಿಗೆ ಕಿಮೋ ಕೊಡಿಸಿ ಎನ್ನುವುದೂ ಇಲ್ಲ. ಪರೀಕ್ಷೆಯ ಸೂಜಿಗೆ, ನೋವಿನ ಮಾತ್ರೆಗೆ ಸಾಲ ಬೇಕಾಗುವುದಿಲ್ಲ. ಚಿಕಿತ್ಸೆ ಬೇಡವೆಂದು ತೀರ್ಮಾನಿಸಿದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು.

ಅನ್ನ ಬಿಟ್ಟ ನಾಯಿ

ನಾಯಿಯ ನೋವು ಕೂಗಿ ಹೇಳುವಂಥದ್ದಲ್ಲ. ಮೊದಲಿನಂತೆ ಮೆಟ್ಟಿಲು ಹತ್ತದಿರುವುದು, ರಾತ್ರಿ ಜಾಗ ಬದಲಿಸಿ ಬದಲಿಸಿ ಮಲಗುವುದು, ಒಂದೇ ಕಡೆ ನೆಕ್ಕಿ ನೆಕ್ಕಿ ಚರ್ಮ ಕೀಳುವುದು, ಮುಟ್ಟಿದರೆ ಹಲ್ಲು ಕಿರಿಯುವುದು, ಸುಮ್ಮನೆ ಮಲಗಿದ್ದಾಗಲೂ ತೇಕುವುದು. ನಿದ್ದೆಯಲ್ಲಿರುವ ನಾಯಿ ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಸಲ ಉಸಿರೆಳೆಯುತ್ತಿದ್ದರೆ ವೈದ್ಯರಿಗೆ ಫೋನು ಮಾಡಬೇಕು. ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡುವ ಕೈಯನ್ನು ತಡೆಯಬೇಕು. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮೆಲಾಕ್ಸಿಕ್ಯಾಮ್‌ನಂಥ ನಾಯಿಗೆ ಹೊಂದುವ ಮಾತ್ರೆಗಳನ್ನು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಸ್ಟೀರಾಯ್ಡ್ ಕೊಡುತ್ತಿರುವಾಗ ಅವನ್ನೂ ಜತೆಗೆ ಕೊಡುವಂತಿಲ್ಲ. ಹಿಂದೆ ಬೇರೆ ಕಡೆ ಯಾವ ಸೂಜಿ ಹಾಕಿಸಿದ್ದಿರೋ ಅದರ ಚೀಟಿ ಇಟ್ಟುಕೊಂಡಿದ್ದರೆ ಇಂಥ ಅನಾಹುತ ತಪ್ಪುತ್ತದೆ.

ಊಟದಲ್ಲಿ ಪಥ್ಯ ಬೇಡ. ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಮಾಂಸ ನಿಲ್ಲಿಸಿ ಬರೀ ಗಂಜಿ ಹಾಕುವವರಿದ್ದಾರೆ. ಕರಗುತ್ತಿರುವ ಮೈಗೆ ಬೇಕಿರುವುದು ಮೊಟ್ಟೆ, ಎಲುಬು ತೆಗೆದ ಕೋಳಿ, ಮೊಸರನ್ನ, ಅದಕ್ಕೆ ಇಷ್ಟವಾದದ್ದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅದು ನಾಯಿಯ ರಕ್ತಕಣ ಒಡೆಯುತ್ತದೆ. ಮುದ್ದೆಯನ್ನು ಬೆಚ್ಚಗೆ, ಮೆತ್ತಗೆ ಮಾಡಿ ಕೈಯಲ್ಲಿ ಕೊಟ್ಟರೆ ತಿನ್ನುತ್ತದೆಯೇ ನೋಡಿ. ನೊಣ ಕೂರದಂತೆ ಗಾಯವನ್ನು ದಿನವೂ ತೊಳೆಯಬೇಕು. ನಮ್ಮ ಹವೆಯಲ್ಲಿ ಒಡೆದ ಗಡ್ಡೆಗೆ ಹುಳು ಬೀಳಲು ಎರಡು ದಿನ ಸಾಕು, ಕ್ಯಾನ್ಸರಿಗಿಂತ ಹುಳುವಿನ ಸಂಕಟವೇ ಮೊದಲಾಗುತ್ತದೆ.

ಒಂದು ದಿನ ನಾಯಿ ಊಟ ಬಿಡುತ್ತದೆ. ‘ಅನ್ನ ಬಿಟ್ಟೈತೆ, ಅದರ ಋಣ ತೀರ್ತು, ತೊಂದ್ರೆ ಕೊಡಬೇಡಿ’ ಎಂದು ಹಿರಿಯರು ಹೇಳುತ್ತಾರೆ. ಈ ಜಿಲ್ಲೆಯಲ್ಲಿ ಆ ಮಾತಿಗೆ ಬೇರೆಯದೇ ತೂಕವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಆಹಾರ ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನ ಶಾಸನಗಳು ಶತಮಾನಗಳಿಂದ ಇವೆ. ಆದರೆ ಆ ವ್ರತದ ಕಟ್ಟು ಬಿಗಿಯಾದದ್ದು. ತಪ್ಪಿಸಲಾಗದ ವಿಪತ್ತು, ಬರ, ಮುಪ್ಪು, ವಾಸಿಯಾಗದ ರೋಗ ಎಂಬ ಕಾರಣಗಳಿರಬೇಕು. ಗುರುವಿನ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರದ ಮನಸ್ಸಿನಿಂದ ತಾನೇ ಕೈಗೊಳ್ಳಬೇಕು. ನಾಯಿ ವ್ರತ ಹಿಡಿಯುವುದಿಲ್ಲ. ಅದು ಅನ್ನ ಬಿಟ್ಟದ್ದು ವಾಕರಿಕೆಯಿಂದಲೋ ಬಾಯಿ ಹುಣ್ಣಿನಿಂದಲೋ ನೋವಿನಿಂದಲೋ ಇರಬಹುದು. ವಾಕರಿಕೆ ನಿಲ್ಲಿಸುವ ಮದ್ದಿದೆ, ಹಸಿವು ತರಿಸುವ ಮದ್ದಿದೆ. ಅವನ್ನು ಕೊಟ್ಟು ನೋಡಿದ ಮೇಲೂ ತಿನ್ನದಿದ್ದರೆ ಆಗ ಹಿರಿಯರ ಮಾತಿಗೆ ಬರೋಣ.

ಜೈನರ ಕಥೆಗಳಲ್ಲೇ ಸಾಯುವ ನಾಯಿಯೊಂದಿದೆ. ಯಜ್ಞದ ಅಡುಗೆ ಮುಟ್ಟಿತೆಂದು ಬ್ರಾಹ್ಮಣರಿಂದ ಏಟು ತಿಂದು ಬಿದ್ದಿದ್ದ ನಾಯಿಯ ಬಳಿ ರಾಜಕುಮಾರ ಜೀವಂಧರ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಹೇಳುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನ ಕಷ್ಟಕ್ಕೆ ಒದಗುತ್ತದೆ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಬರೆದ ‘ಜೀವಂಧರ ಚರಿತೆ’ ಈ ಕಥೆಯದೇ. ಯಕ್ಷನ ಭಾಗ ನಂಬುವುದು ಬಿಡುವುದು ನಿಮ್ಮಿಷ್ಟ. ನಾಯಿ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಜೀವಂಧರ ಎದ್ದು ಹೋಗಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ 2004ರಲ್ಲಿ ಒಂದು ಸರಳ ಲೆಕ್ಕ ಹೇಳಿಕೊಟ್ಟರು. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯೇ ಎಂಬ ಏಳಕ್ಕೂ ಹತ್ತರಲ್ಲಿ ಅಂಕ. ಒಟ್ಟು ಮೂವತ್ತೈದು ದಾಟಿದರೆ ಬದುಕು ಸಹನೀಯ. ಶಾಲೆಯ ಮಾರ್ಕ್ಸ್‌ಕಾರ್ಡಿನಂತಿದೆ ಎಂದು ಮೂಗು ಮುರಿಯಬಹುದು. ಆದರೆ ಒಂದು ಮನೆಯಲ್ಲಿ ಅಪ್ಪ ‘ಚೆನ್ನಾಗೇ ಐತೆ’ ಅನ್ನುತ್ತಿರುವಾಗ, ಬೆಂಗಳೂರಿನ ಮಗ ‘ಸಾಕು ಹಿಂಸೆ’ ಅನ್ನುತ್ತಿರುವಾಗ, ನಡುವೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವಾಗ, ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗುರುತು ಹಾಕುವುದರಿಂದ ಜಗಳ ಕಡಿಮೆಯಾಗುತ್ತದೆ. ಒಳ್ಳೆಯ ದಿನಕ್ಕೆ ಒಂದು ಸೊನ್ನೆ, ಕೆಟ್ಟ ದಿನಕ್ಕೆ ಒಂದು ಗೆರೆ. ಗೆರೆಗಳು ಒಂದರ ಪಕ್ಕ ಒಂದು ಬರತೊಡಗಿದಾಗ ಯಾರೂ ಯಾರಿಗೂ ವಾದ ಮಾಡಿ ಒಪ್ಪಿಸಬೇಕಾಗುವುದಿಲ್ಲ.

ಆಗ ‘ಸೂಜಿ ಹಾಕಿಸೋದು’ ಎಂದು ಎಲ್ಲರೂ ತಗ್ಗಿದ ದನಿಯಲ್ಲಿ ಹೇಳುವ ದಯಾಮರಣದ ಮಾತು. ಪಾಪವಲ್ಲವೇ ಎಂದು ಕೇಳುವವರು ಬಹಳ. ಬದುಕಿಸಿಟ್ಟರೆ ಕ್ರೌರ್ಯವಾಗುವಷ್ಟು ನರಳುವ ಪ್ರಾಣಿಯನ್ನು ನೋವಿಲ್ಲದೆ ಕೊನೆಗಾಣಿಸಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಂ ದಾರಿ ಬಿಟ್ಟಿದೆ. ಕಾನೂನಿಗಿಂತ ಮನೆಯವರಿಗೆ ಬೇಕಿರುವುದು ಅದು ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಮೊದಲು ಮಂಪರು ಬರುವ ಸೂಜಿ. ನಾಯಿ ತನ್ನ ಜಾಗದಲ್ಲೇ ನಿದ್ದೆ ಹೋಗುತ್ತದೆ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಮದ್ದಿನ ಹೆಚ್ಚಿನ ಪ್ರಮಾಣ. ಉಸಿರು, ಆಮೇಲೆ ಎದೆಬಡಿತ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ನಿಂತ ಮೇಲೂ ಒಂದೆರಡು ಸಲ ಬಿಕ್ಕಿದಂತಾಗಬಹುದು. ಮೊದಲೇ ಹೇಳಿದ್ದರೆ ಹೆದರಿಕೆಯಾಗದು. ಪೂರ್ತಿ ಪ್ರಜ್ಞೆ ತಪ್ಪಿಸದೆ ಬರೀ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುವುದಕ್ಕೆ ಒಪ್ಪಬೇಡಿ, ಅದು ಹಿಂಸೆ. ಮೊದಲು ಮಂಪರು ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ವೈದ್ಯರು ಮನೆಗೇ ಬರುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ರೈತರ ಮನೆ ಬಾಗಿಲಿಗೆ ಬರುವ ಪಶು ಸಂಜೀವಿನಿ ಗಾಡಿಯ 1962 ನಂಬರಿಗೂ ಕೇಳಿ ನೋಡಬಹುದು.

ಮಕ್ಕಳಿಗೆ ‘ತೋಟದ ಮನೆಗೆ ಬಿಟ್ಟು ಬಂದ್ವಿ’ ಎಂದು ಸುಳ್ಳು ಹೇಳಬೇಡಿ. ಮುಂದಿನ ಬೇಸಿಗೆ ರಜೆಯಲ್ಲಿ ತೋಟದ ಮನೆಯಲ್ಲಿ ಹುಡುಕುತ್ತಾರೆ.

ಮಣ್ಣು ಮಾಡಲು ಹಳ್ಳಿಯಲ್ಲಿ ಜಾಗಕ್ಕೆ ಬರವಿಲ್ಲ. ತೆಂಗಿನ ಬುಡವನ್ನೇ ಎಲ್ಲರೂ ಆರಿಸುತ್ತಾರೆ. ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ, ಗುಂಡಿ ಎದೆಮಟ್ಟ ಇರಲಿ. ಸೂಜಿ ಹಾಕಿದ ಮದ್ದು ಸತ್ತ ಮೈಯಲ್ಲಿ ಉಳಿದಿರುತ್ತದೆ. ಮೇಲೆಮೇಲೆ ಹೂತರೆ ಅದನ್ನು ಬಗೆದು ತಿಂದ ಬೇರೆ ನಾಯಿ, ನರಿ, ಹದ್ದುಗಳೂ ಸಾಯುತ್ತವೆ. ಮೇಲೊಂದು ಕಲ್ಲು ನಿಲ್ಲಿಸುವ ಆಸೆಯಾದರೆ ನಾಚಿಕೆ ಬೇಡ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲೇ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡರೆ ಪಾಪ ಎಂದು ಕೆತ್ತಿಸಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಕಾಳಗದಲ್ಲಿ ಸತ್ತಿತು. ಗೋಣಿಚೀಲದ ಮೇಲೆ ಸತ್ತವಕ್ಕೂ ಒಂದು ಸೈಜುಗಲ್ಲು ಸಲ್ಲಬೇಕು ಎಂಬುದು ನನ್ನ ಮತ.

ಮನೆಯಲ್ಲಿ ಇನ್ನೊಂದು ಹೆಣ್ಣು ನಾಯಿ ಇದ್ದರೆ ಅದು ಕೆಲವು ದಿನ ಸರಿಯಾಗಿ ಉಣ್ಣದೆ ಬಾಗಿಲು ಕಾಯುತ್ತದೆ, ಆಮೇಲೆ ಸುಧಾರಿಸಿಕೊಳ್ಳುತ್ತದೆ. ಅದಕ್ಕೆ ಸಂತಾನಹರಣ ಮಾಡಿಸಿದ್ದೀರಾ? ಹೆಣ್ಣು ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಮೊಲೆಯ ಗಡ್ಡೆ, ಸುಮಾರು ಅರ್ಧದಷ್ಟು ಕ್ಯಾನ್ಸರೇ. ಮೊದಲ ಬೆದೆಗೆ ಮುಂಚೆ ಆಪರೇಷನ್ ಮಾಡಿಸಿದವಕ್ಕೆ ಅದರ ಅಪಾಯ ಶೇ 0.5, ಒಂದು ಬೆದೆಯ ಮೇಲೆ ಶೇ 8, ಎರಡರ ಮೇಲೆ ಶೇ 26 ಎಂದು 1969ರ ಅಮೆರಿಕದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆ ಅಂಕಿಗಳ ಬಲವನ್ನು ಆಮೇಲಿನವರು ಪ್ರಶ್ನಿಸಿದ್ದಾರಾದರೂ ಬೇಗ ಮಾಡಿಸಿ ಎಂಬ ಸಲಹೆ ಉಳಿದಿದೆ. ವಯಸ್ಸಾಗಿದ್ದರೆ ತಿಂಗಳಿಗೊಮ್ಮೆ ಅಂಗಾತ ಮಲಗಿಸಿ ಹೊಟ್ಟೆ ಸವರಿ ನೋಡಿ. ಗಂಟು ಮೂರು ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ಸಿಕ್ಕರೆ, ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶ ಚೊಕ್ಕವಾಗಿದ್ದರೆ, ಕತ್ತರಿಸಿ ತೆಗೆದ ಮೇಲೆ ಎಷ್ಟೋ ನಾಯಿಗಳು ತಮ್ಮ ಪೂರ್ತಿ ಆಯಸ್ಸು ಬದುಕುತ್ತವೆ. ಹಿಂಗಾಲಿನ ಕಡೆಯ ಕೊನೆಯ ಎರಡು ಜೊತೆ ಮೊಲೆಗಳಿಂದ ಶುರು ಮಾಡಿ. ಹೆಚ್ಚಿನ ಗಡ್ಡೆಗಳು ಹುಟ್ಟುವುದು ಅಲ್ಲೇ.